ಬಾಣಂತನಕ್ಕೆ ಹೋದವನಿಗೆ ಸಿಕ್ಕ ಕೆಲಸ

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ಗಂಡ-ಹೆಂಡಿರಲ್ಲಿ ಹೆಂಡತಿಗೆ ಕೆಲಸ ಇರುತ್ತದೆ, ಗಂಡನಿಗೆ ಟಿಕೆಟ್ ಇರುತ್ತದೆ. 2023ರ ಡಿಸೆಂಬರಿನಲ್ಲಿ ನಾವಿಬ್ಬರೂ ದಾವಣಗೆರೆ ಬಿಟ್ಟಾಗ ಸೂಟ್‌ಕೇಸ್‌ಗಳಲ್ಲಿ ಇದ್ದದ್ದೆಲ್ಲ ನಮ್ಮ ಮನೆಯವಳ ಸಾಮಾನೇ. ಅಂಟಿನುಂಡೆ, ಒಣಕೊಬ್ಬರಿ, ಬಾಣಂತಿ ಖಾರದ ಪುಡಿ, ಬಜೆ, ಸಾಂಬ್ರಾಣಿ, ನನ್ನದೇ ಹಳೆಯ ಪಂಚೆಗಳನ್ನು ಹರಿದು ಮಡಿಸಿಟ್ಟ ಮೆತ್ತನೆ ಬಟ್ಟೆಗಳು. ನನ್ನದು ಅಂತ ಇದ್ದದ್ದು ಒಂದು ಮಂಕಿ ಕ್ಯಾಪು ಮತ್ತು ಬಿಪಿ ಮಾತ್ರೆ.

ಊರಲ್ಲಿ ಯಾರು ಕೇಳಿದರೂ ಒಂದೇ ಮಾತು: ‘ಚಳಿಗಾಲದಾಗ ಯಾಕ್ ಹೋಗ್ತೀರಿ, ಏಪ್ರಿಲ್‌ನಾಗ ಹೋಗಬಾರದಾ?’ ಹೆರಿಗೆ ನಮ್ಮ ಅನುಕೂಲ ಕೇಳಿ ಆಗುತ್ತದೆಯೇ? ಮಗಳ ಮನೆ ಇರುವುದು ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ತುದಿಯಲ್ಲಿ, ಬಫಲೋ ನಗರದ ದಕ್ಷಿಣಕ್ಕೆ, ಆರ್ಚರ್ಡ್ ಪಾರ್ಕ್ ಎಂಬ ಊರಿನಲ್ಲಿ. ನ್ಯೂಯಾರ್ಕ್ ಎಂದ ಕೂಡಲೇ ನಮ್ಮವರ ಕಣ್ಣಿಗೆ ಗಗನಚುಂಬಿ ಕಟ್ಟಡ ಬರುತ್ತದೆ. ಇದು ಆ ನಗರದಿಂದ ಕಾರಿನಲ್ಲಿ ಆರೇಳು ತಾಸು ದೂರ. ಮರ, ಮನೆ, ಮರ, ಮನೆ, ಅದರಾಚೆ ಒಂದು ದೊಡ್ಡ ಫುಟ್‌ಬಾಲ್ ಸ್ಟೇಡಿಯಂ. ಅವರು ಫುಟ್‌ಬಾಲ್ ಅನ್ನುವುದು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ. ಅದಿರಲಿ.

ಮಗು ಹುಟ್ಟಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಪಾಳಿ ಬಂತು. ಇವಳು ಬೆಳಿಗ್ಗೆ ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿ, ಎಣ್ಣೆ-ನೀರು ಅಂತ ಸೊಂಟ ಕಟ್ಟಿ ನಿಂತಳು. ಅಳಿಯಂದಿರು ರಾತ್ರಿಯೆಲ್ಲ ಮಗುವಿಗೆ ಡೈಪರ್ ಬದಲಿಸಿ, ಹಗಲು ಲ್ಯಾಪ್‌ಟಾಪ್ ಮುಂದೆ ಕೂತು ಆಕಳಿಸುತ್ತಿದ್ದರು. ನಾನು ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದೆ. ‘ಅಪ್ಪಾಜಿ, ಕಾಫಿ ಬೇಕಾ?’ ‘ರೀ, ಕಾಲು ಎತ್ರಿ, ವ್ಯಾಕ್ಯೂಮ್ ಮಾಡಬೇಕು.’ ನನ್ನ ಪಾಲಿಗೆ ಬಂದ ಒಂದೇ ಜವಾಬ್ದಾರಿ ಎಂದರೆ, ಇವಳು ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವಾಗ ಸ್ಮೋಕ್ ಅಲಾರಂ ಕೆಳಗೆ ನಿಂತು ಟವೆಲ್ ಬೀಸುವುದು. ಅದೂ ಎರಡನೆಯ ಸಲ ಅಲಾರಂ ಕೂಗಿದ ಮೇಲೆ ಸಾಂಬ್ರಾಣಿಯೇ ರದ್ದಾಯಿತು. ನೌಕರಿಯೆಲ್ಲ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಲೇತು, ಡ್ರಿಲ್ಲು, ವೆಲ್ಡಿಂಗ್ ನಡುವೆ ಕಳೆದ ಮನುಷ್ಯ ನಾನು. ಗ್ರೀಸ್ ಅಂಟದ ಕೈ ನೋಡಿಕೊಂಡು ಕೂರುವುದು ನಿವೃತ್ತಿಗಿಂತ ಕೆಟ್ಟದ್ದು.

ಗ್ಯಾರೇಜಿನ ಮೂಲೆಯಲ್ಲಿ ಒಂದು ಕಿತ್ತಳೆ ಬಣ್ಣದ ಯಂತ್ರ ಇತ್ತು. ಬಂದ ವಾರದಲ್ಲೇ ನನ್ನ ಕಣ್ಣು ಅದರ ಮೇಲೆ ಬಿದ್ದಿತ್ತು. ಹಿಂದೆ ಎರಡು ಹಿಡಿಕೆ, ಕೆಳಗೆ ದಪ್ಪ ಗಟ್ಟು ಮೂಡಿದ ಎರಡು ಟಯರು, ಮುಂದೆ ಎರಡಡಿಗೂ ಮಿಕ್ಕಿದ ಅಗಲದ ತಗಡಿನ ಬಾಯಿ, ಬಾಯೊಳಗೆ ಸುರುಳಿ ಸುತ್ತಿದ ಉಕ್ಕಿನ ಹಲ್ಲು, ನೆತ್ತಿಯ ಮೇಲೆ ಕತ್ತು ತಿರುಗಿಸುವ ಒಂದು ಕೊಳವೆ. ‘ಮಾವ, ಅದು ಸ್ನೋ ಬ್ಲೋವರ್. ಮನೆ ತಗೊಂಡಾಗ ಹಳೆ ಮಾಲೀಕರು ಬಿಟ್ಟು ಹೋಗಿದ್ದು,’ ಎಂದರು ಅಳಿಯಂದಿರು. ಡಿಸೆಂಬರ್ ಪೂರ್ತಿ ಅದಕ್ಕೂ ಕೆಲಸ ಇರಲಿಲ್ಲ. ಆ ವರ್ಷ ಚಳಿ ತಡವಾಗಿತ್ತು, ಮಳೆ ಜಿನುಗುತ್ತಿತ್ತು.

ತಡವಾದದ್ದೇ ತೊಂದರೆ ಎಂದು ಹೇಳಿದವರು ಎದುರು ಮನೆಯ ಯಜಮಾನರು. ಎಂಬತ್ತರ ಹತ್ತಿರದ ವಯಸ್ಸು. ಬಫಲೋ ಪಕ್ಕದ ಟೊನವಾಂಡಾದ ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪತ್ರದ ಡಬ್ಬಿಯ ಹತ್ತಿರ ಸಿಕ್ಕಾಗ ನನ್ನ ವರ್ಕ್‌ಶಾಪ್ ಕಥೆ ತಿಳಿದು, ಕೈ ಕುಲುಕಿದವರು ಕೈ ಬಿಡಲೇ ಇಲ್ಲ. ಅವರ ಬಲಗೈಯ ನಡುಬೆರಳು ಮೇಲಿನ ಗೆಣ್ಣಿಗೇ ಮುಗಿದುಹೋಗಿತ್ತು. ಕಾರ್ಖಾನೆಯಲ್ಲಿ ಹೋದದ್ದಿರಬೇಕು ಅಂದುಕೊಂಡೆ. ನಮ್ಮ ಕಸುಬಿನಲ್ಲಿ ಅಂಥ ಬೆರಳು ಹೊಸದಲ್ಲ, ಕೇಳಲಿಲ್ಲ.

ಅವರು ವಿವರಿಸಿದ್ದು ಹೀಗೆ. ಊರಿನ ಪಶ್ಚಿಮಕ್ಕೆ ಈರೀ ಸರೋವರ. ಅಮೆರಿಕದ ಐದು ಮಹಾ ಸರೋವರಗಳಲ್ಲಿ ಆಳ ಕಡಿಮೆ ಇರುವುದು ಇದಕ್ಕೇ. ಹಾಗಾಗಿ ಒಳ್ಳೆಯ ಚಳಿ ಬಿದ್ದರೆ ಬೇಗ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದರೆ ಮುಚ್ಚಳ ಹಾಕಿದ ಹಾಗೆ, ನೀರಿನ ಆವಿ ಮೇಲೇಳುವುದಿಲ್ಲ. ಹೆಪ್ಪುಗಟ್ಟದೆ ನೀರು ಇನ್ನೂ ಬೆಚ್ಚಗಿರುವಾಗ ಒಣ ಶೀತಗಾಳಿ ಸರೋವರದ ಉದ್ದಕ್ಕೂ ಬೀಸಿದರೆ, ದಾರಿಯಲ್ಲಿ ಹೀರಿದ ತೇವವನ್ನೆಲ್ಲ ದಡ ಮುಟ್ಟುತ್ತಲೇ ಹಿಮ ಮಾಡಿ ಸುರಿಯುತ್ತದೆ. ಸುರಿಯುವುದೂ ಊರಿಗೆಲ್ಲ ಸಮನಾಗಿ ಅಲ್ಲ. ಒಂದು ಕಿರಿದಾದ ಪಟ್ಟಿ. ಆ ಪಟ್ಟಿಯಡಿ ಸಿಕ್ಕವರಿಗೆ ತಾಸಿಗೆ ಎರಡು ಮೂರು ಇಂಚು, ಕೆಲವೇ ಮೈಲಿ ಆಚೆಯವರಿಗೆ ಬಿಸಿಲು. ಬಫಲೋದಲ್ಲಿ ವರ್ಷಕ್ಕೆ ಸರಾಸರಿ ಎಂಟು ಅಡಿಯಷ್ಟು ಹಿಮ ಬೀಳುತ್ತದೆ. ಅದರ ದಕ್ಷಿಣದ ಊರುಗಳಿಗೆ ಅದಕ್ಕಿಂತ ಹೆಚ್ಚು. 2022ರ ನವೆಂಬರಿನಲ್ಲಿ ಆರ್ಚರ್ಡ್ ಪಾರ್ಕಿಗೆ ಬಂದ ಒಂದೇ ಬಿರುಗಾಳಿ ಆರೂವರೆ ಅಡಿ ಸುರಿದು ಹೋಗಿತ್ತು. ಅದೇ ವರ್ಷ ಕ್ರಿಸ್ಮಸ್ ಹೊತ್ತಿಗೆ ಬಂದ ಹಿಮಗಾಳಿಗೆ ಬಫಲೋ ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು. ಯಜಮಾನರಿಗೆ ಇವೆಲ್ಲ ಇತ್ತೀಚಿನ ಸುದ್ದಿ. ಅವರ ಲೆಕ್ಕ ಶುರುವಾಗುವುದು 1977ರ ಜನವರಿಯಿಂದ. ಆಗ ಆಕಾಶದಿಂದ ಹೊಸದಾಗಿ ಬಿದ್ದದ್ದು ಸುಮಾರು ಒಂದು ಅಡಿಯಂತೆ. ಹೆಪ್ಪುಗಟ್ಟಿದ ಸರೋವರದ ಮೇಲೆ ವಾರಗಟ್ಟಲೆ ಕೂತಿದ್ದ ಹಿಮವನ್ನೇ ಗಾಳಿ ಎತ್ತಿಕೊಂಡು ಬಂದು ಊರನ್ನು ಹೂತಿತು. ಮುಚ್ಚಳ ಹಾಕಿದರೂ ಕಷ್ಟ, ತೆಗೆದರೂ ಕಷ್ಟ ಅನ್ನಿ.

2024ರ ಜನವರಿ 13, ಶನಿವಾರ. ಮಧ್ಯಾಹ್ನದಿಂದ ಗಾಳಿ ಎದ್ದಿತು. ರಾತ್ರಿ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿದವು. ಜಿಲ್ಲೆಯಲ್ಲೆಲ್ಲ ವಾಹನ ಓಡಿಸುವುದಕ್ಕೆ ನಿಷೇಧ. ಭಾನುವಾರ ಆ ಸ್ಟೇಡಿಯಂನಲ್ಲಿ ನಡೆಯಬೇಕಿದ್ದ ಬಫಲೋ ಬಿಲ್ಸ್ ತಂಡದ ಪ್ಲೇಆಫ್ ಪಂದ್ಯವನ್ನು ಸೋಮವಾರಕ್ಕೆ ಹಾಕಿದರು. ಕಿಟಕಿಯಾಚೆ ನೋಡಿದರೆ ಹಿಮ ಬೀಳುತ್ತಿರಲಿಲ್ಲ, ಅಡ್ಡಡ್ಡ ಓಡುತ್ತಿತ್ತು. ಎದುರು ಮನೆಯ ದೀಪ ಕಾಣಿಸಲಿಲ್ಲ.

ನನಗೆ ನಸುಕಿನ ನಾಲ್ಕೂವರೆಗೆ ಎಚ್ಚರ. ಮಳೆಗಾಲವಿರಲಿ ಚಳಿಗಾಲವಿರಲಿ ಅದು ತಪ್ಪಿದ್ದಿಲ್ಲ. ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಅಳಿಯಂದಿರು ಆಗಲೇ ಜಾಕೆಟ್ ಹಾಕಿಕೊಂಡು ನಿಂತಿದ್ದರು. ಕಣ್ಣು ಕೆಂಡದಂತಿತ್ತು. ರಾತ್ರಿಯಿಡೀ ಮಗು ಅತ್ತಿತ್ತಂತೆ. ‘ನಿಂತ ಮೇಲೆ ತೆಗೆದರಾಯ್ತಲ್ಲ?’ ಅಂದೆ. ‘ಇಲ್ಲ ಮಾವ, ಇಲ್ಲಿ ಹಂಗ್ ಕಾಯ್ಕೊಂಡ್ ಕೂರೋಕಾಗಲ್ಲ. ಅರ್ಧ ಅಡಿ, ಮುಕ್ಕಾಲು ಅಡಿ ಆದಾಗೆಲ್ಲ ಒಂದು ಸುತ್ತು ಹೊಡೀಬೇಕು. ಇಲ್ಲಾಂದ್ರೆ ಮಿಷನ್ನಿಗೂ ಎತ್ತೋಕಾಗಲ್ಲ. ಮೊದಲು ಫರ್ನೇಸ್ ಪೈಪ್ ನೋಡಬೇಕು.’

ಫರ್ನೇಸ್ ಪೈಪ್ ಎಂದರೆ ಮನೆ ಬೆಚ್ಚಗಿಡುವ ಗ್ಯಾಸ್ ಒಲೆಯ ಹೊಗೆ ಹೊರಹೋಗುವ ಬಿಳಿ ಪ್ಲಾಸ್ಟಿಕ್ ಕೊಳವೆ. ಮನೆಯ ಪಕ್ಕದ ಗೋಡೆಯಲ್ಲಿ, ನೆಲದಿಂದ ಸೊಂಟದಷ್ಟು ಎತ್ತರಕ್ಕೆ ಮೂತಿ ಚಾಚಿಕೊಂಡಿರುತ್ತದೆ. ಅದು ಹಿಮದಲ್ಲಿ ಮುಚ್ಚಿಹೋದರೆ ಫರ್ನೇಸ್ ತಾನಾಗಿ ಆರಿಹೋಗಬಹುದು. ಆರದಿದ್ದರೆ ಇನ್ನೂ ಕೆಟ್ಟದ್ದು, ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತಿರುಗುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಮೇಲೆ ತೊಟ್ಟಿಲಲ್ಲಿ ಮೂರು ಕೆಜಿಯ ಕೂಸು. ‘ಅದನ್ನ ನಾನು ನೋಡ್ಕೋತೀನಿ. ಸುತ್ತನ್ನೂ ನಾನೇ ಹೊಡೀತೀನಿ. ನೀವು ತೋರಿಸಿ ಮಲಗಿಬಿಡಿ,’ ಅಂದೆ.

ಅಷ್ಟು ಹೇಳಿದ್ದೇ ತಡ, ಮನೆಯೆಲ್ಲ ಎದ್ದಿತು. ಮಗಳು ಮೆಟ್ಟಿಲ ಮೇಲಿನಿಂದ, ‘ಅಪ್ಪಾಜಿ, ಸಲಿಕೆ ಮುಟ್ಟಂಗಿಲ್ಲ. ನಿಮಗೆ ಬಿಪಿ ಇದೆ.’ ಅವಳು ಹೇಳಿದ್ದು ಸರಿಯೇ. ಹಿಮ ಎತ್ತಲು ಹೋಗಿ ಹೃದಯಾಘಾತವಾಗುವ ಸುದ್ದಿ ಅಲ್ಲಿ ಪ್ರತಿ ಚಳಿಗಾಲದ್ದು. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಅದರ ಮೇಲೆ ರೂಢಿಯಿಲ್ಲದ ದೇಹ ಏಕಾಏಕಿ ಭಾರ ಎತ್ತುತ್ತದೆ. ಡಾಕ್ಟರುಗಳು ವಯಸ್ಸಾದವರಿಗೆ ಸಲಿಕೆ ಬೇಡ ಅನ್ನುತ್ತಾರೆ. ನಮ್ಮ ಮನೆಯವಳದು ಬೇರೆ ರಾಗ: ‘ರೀ, ನಿಮಗ್ಯಾಕ್ರೀ ಬೇಕು ಈ ಉಸಾಬರಿ? ಬಿದ್ದು ಸೊಂಟ ಮುರಕೊಂಡ್ರೆ ಎರಡೆರಡು ಬಾಣಂತನ ನಾನೇ ಮಾಡಬೇಕಾ?’ ನಾನು ಸಲಿಕೆ ಮುಟ್ಟುವುದಿಲ್ಲ, ಯಂತ್ರ ಮಾತ್ರ, ಅದೂ ಅಳಿಯಂದಿರು ಒಂದು ಸುತ್ತು ಪಕ್ಕದಲ್ಲಿ ನಿಂತು ನೋಡಿ ಒಪ್ಪಿದ ಮೇಲೆ ಎಂದು ಒಡಂಬಡಿಕೆ ಆಯಿತು.

ಅಲ್ಲಿಯವರೆಗೆ ನಾವು ಮಾವ-ಅಳಿಯ ಆಡಿದ ಮಾತೆಲ್ಲ ಹವಾಮಾನ, ವಿಮಾನ, ಊಟ ಆಯ್ತಾ, ಇಷ್ಟೇ. ಒಳ್ಳೆಯ ಹುಡುಗ, ನಾನೂ ಕೆಟ್ಟವನಲ್ಲ. ಆದರೂ ಮರ್ಯಾದೆಯ ಒಂದು ಅಂತರ. ಆ ದಿನ ಗ್ಯಾರೇಜಿನಲ್ಲಿ ಅವರು ನನಗೆ ಪಾಠ ಹೇಳಿದರು. ‘ಮಾವ, ಒಳಗೆ ಸ್ಟಾರ್ಟ್ ಮಾಡಂಗಿಲ್ಲ, ಬಾಗಿಲು ತೆಗೆದಿದ್ರೂ ಸರಿ. ಮೇಲೆ ಮಗು ರೂಮು. ಹೊರಗೆ ತಳ್ಕೊಂಡು ಹೋಗೇ ಮಾಡಬೇಕು. ಇದು ಪೆಟ್ರೋಲ್ ವಾಲ್ವ್. ಚೋಕ್ ಪೂರ್ತಿ ಎಳೀರಿ. ಈ ರಬ್ಬರ್ ಗುಬ್ಬಿ ಒಂದೆರಡು ಸಲ ಒತ್ತಿ. ಈಗ ಹಗ್ಗ.’ ಹಗ್ಗ ನಾನೇ ಎಳೆದೆ. ಎಂಜಿನ್ ಕೆಮ್ಮಿ, ಹೊತ್ತಿಕೊಂಡಿತು. ಚೋಕ್ ಒಳಗೆ ತಳ್ಳುತ್ತ ಸದ್ದಿಗೆ ಕಿವಿಗೊಟ್ಟೆ. ‘ಐಡ್ಲಿಂಗ್‌ನಲ್ಲಿ ಏರಿಳಿತ ಇದೆ. ಪೆಟ್ರೋಲ್ ಹೋದ ವರ್ಷದ್ದಾ?’ ಅಂತ ಕೇಳಿದೆ. ಅಳಿಯಂದಿರು ನನ್ನ ಮುಖವನ್ನು ಮೊದಲ ಸಲ ಎಂಬಂತೆ ನೋಡಿದರು. ಅಲ್ಲಿನ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಂತರೆ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟು ಕಟ್ಟುತ್ತದೆ. ಬೇಸಿಗೆಗೆ ಇಡುವ ಮುನ್ನ ಟ್ಯಾಂಕ್ ಖಾಲಿ ಮಾಡಬೇಕಿತ್ತು. ಅದನ್ನು ಹೇಳಿದೆ. ಮಾವನಾಗಿ ಅಲ್ಲ, ಮೇಷ್ಟರಾಗಿ ಹೇಳಿದೆ. ಅವರು ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು.

ಯಂತ್ರದ ಒಳಗುಟ್ಟು ಸರಳ. ಮುಂದಿನ ಬಾಯಲ್ಲಿ ಅಡ್ಡಲಾಗಿ ತಿರುಗುವ ಸುರುಳಿಗೆ ಆಗರ್ ಎನ್ನುತ್ತಾರೆ. ಅದು ನಿಧಾನವಾಗಿ ತಿರುಗುತ್ತ ಹಿಮವನ್ನು ಕಡಿದು ಎರಡೂ ಬದಿಯಿಂದ ನಡುವಿಗೆ ಎಳೆಯುತ್ತದೆ. ಅದರ ಹಿಂದೆ ಫ್ಯಾನಿನಂಥ ಇಂಪೆಲರ್, ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸು. ಬಂದ ಹಿಮವನ್ನು ಅದು ಮೇಲಿನ ಕೊಳವೆಗೆ, ಅಂದರೆ ಚ್ಯೂಟಿಗೆ, ಒಗೆಯುತ್ತದೆ. ಹಿಮ ಹಗುರವಾಗಿದ್ದರೆ ಮೂವತ್ತು ನಲವತ್ತು ಅಡಿ ದೂರ ಹೋಗಿ ಬೀಳುತ್ತದೆ. ಹಿಡಿಕೆಯ ಲಿವರುಗಳನ್ನು ಒತ್ತಿ ಹಿಡಿದಿದ್ದರಷ್ಟೇ ಆಗರೂ ಚಕ್ರವೂ ತಿರುಗುವುದು. ಕೈ ಬಿಟ್ಟರೆ ನಿಲ್ಲುತ್ತವೆ. ಹಿಮ ಎಸೆಯುವ ಯಂತ್ರವನ್ನು ಮೊದಲು ಚೆನ್ನಾಗಿ ಓಡಿಸಿ ತೋರಿಸಿದವರಲ್ಲಿ ಕೆನಡಾದ ಕ್ವಿಬೆಕ್ಕಿನ ಆರ್ಥರ್ ಸಿಕಾರ್ ಪ್ರಮುಖರು. 1925ರಲ್ಲಿ ಮಾಂಟ್ರಿಯಲ್‌ನಲ್ಲಿ ಓಡಿಸಿದರು. ಹೊಲದಲ್ಲಿ ಕಾಳು ಒಕ್ಕುವ ಯಂತ್ರ ನೋಡಿ ಅವರಿಗೆ ಈ ಯೋಚನೆ ಹೊಳೆದದ್ದಂತೆ. ಅವರದು ಲಾರಿಗೆ ಕಟ್ಟುವಷ್ಟು ದೊಡ್ಡದು. ಮನೆಯವರು ಹಿಂದೆ ನಡೆದು ತಳ್ಳುವಂಥವು ಮನೆ ಮನೆಗೆ ಬಂದದ್ದು ಆಮೇಲೆ, 1950-60ರ ದಶಕಗಳಲ್ಲಿ.

ಒಕ್ಕುವ ಮಾತು ನಿಜ ಅನ್ನಿಸಿದ್ದು ಮೊದಲ ಸಾಲಿನಲ್ಲೇ. ಚ್ಯೂಟನ್ನು ಗಾಳಿಗೆ ಎದುರಾಗಿ ತಿರುಗಿಸಿದರೆ ಎಸೆದದ್ದೆಲ್ಲ ನಿಮ್ಮ ಮುಖಕ್ಕೇ ವಾಪಸು. ನಮ್ಮ ತಂದೆ ಕಣದಲ್ಲಿ ಜೋಳ ತೂರುವಾಗ ಮೊರ ಎತ್ತುವ ಮುನ್ನ ಒಂದು ಹಿಡಿ ಹೊಟ್ಟನ್ನು ಬಿಟ್ಟು ಗಾಳಿ ನೋಡುತ್ತಿದ್ದರು. ನಾನೂ ಗ್ಲೌಸಿನಲ್ಲಿ ಒಂದು ಹಿಡಿ ಹಿಮ ಎತ್ತಿ ಬಿಟ್ಟೆ. ಅದು ಪೂರ್ವಕ್ಕೆ ಹಾರಿತು. ಚ್ಯೂಟನ್ನು ಅತ್ತ ತಿರುಗಿಸಿ, ಗೇರು ಒಂದಕ್ಕೆ ಹಾಕಿ ಹೊರಟೆ. ಡ್ರೈವ್‌ವೇ 50 ಅಡಿ ಉದ್ದ, 16 ಅಡಿ ಅಗಲ. ಒಂದು ಗೆರೆ ಹೋಗಿ ತಿರುಗಿ ಅದರ ಪಕ್ಕ ಇನ್ನೊಂದು ಗೆರೆ, ಸ್ವಲ್ಪ ಸ್ವಲ್ಪ ಒಂದರ ಮೇಲೊಂದು ಹಾಯುವಂತೆ. ಉಳುಮೆ ಗೊತ್ತಿದ್ದವನಿಗೆ ಇದನ್ನು ಕಲಿಸಬೇಕಿಲ್ಲ. ಅಳಿಯಂದಿರು ಎರಡು ಸಾಲು ನೋಡಿ ಒಳಗೆ ಹೋದರು. ಅವರು ಮಧ್ಯಾಹ್ನದವರೆಗೆ ಮಲಗಿದರೆಂದು ಮಗಳು ಆಮೇಲೆ ಹೇಳಿದಳು.

ಆ ದಿನ ಎಷ್ಟು ಸಲ ಹೊರಗೆ ಹೋದೆನೋ. ಪ್ರತಿ ಸಲವೂ ಮೊದಲು ಪಕ್ಕದ ಗೋಡೆಗೆ ಹೋಗಿ, ಬಿಳಿ ಕೊಳವೆಯ ಮೂತಿಯನ್ನು ಕೈಯಿಂದ ಬಿಡಿಸಿ, ಅದರ ಬೆಚ್ಚನೆ ಉಸಿರು ಗ್ಲೌಸಿಗೆ ತಾಗುವುದನ್ನು ನೋಡಿಕೊಂಡು, ಆಮೇಲೆ ಯಂತ್ರ. ಸಂಜೆ ಲೆಕ್ಕ ಹಾಕಿದೆ. ಎರಡಡಿ ಹಿಮ ಎಂದರೂ 45 ಘನ ಮೀಟರ್. ಹೊಸ ಹಿಮ ಘನ ಮೀಟರಿಗೆ 100 ಕೆಜಿ ಎಂದು ಹಿಡಿದರೆ ನಾಲ್ಕೂವರೆ ಟನ್. ಗಾಳಿ ಒತ್ತಿ ಗಟ್ಟಿಯಾಗಿಸಿದ್ದರೆ ಇನ್ನೂ ಹೆಚ್ಚು. ಸಲಿಕೆಯಲ್ಲಿ ಎತ್ತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಊರಿನ ನೇಗಿಲು ಲಾರಿ ಬಂತು. ರಸ್ತೆ ತೆರೆಯುತ್ತದೆ, ಒಳ್ಳೆಯದೇ. ಆದರೆ ಅದು ರಸ್ತೆಯದನ್ನೆಲ್ಲ ಬದಿಗೆ ನೂಕುತ್ತ ಹೋಗುವಾಗ ಪ್ರತಿ ಮನೆಯ ಡ್ರೈವ್‌ವೇ ಬಾಯಿಗೂ ಒಂದು ಒಡ್ಡು ಕಟ್ಟಿ ಹೋಗುತ್ತದೆ. ಮೇಲಿನಿಂದ ಬಿದ್ದ ಹಿಮದಂತೆ ಅಲ್ಲ ಅದು. ಉಪ್ಪು ಬೆರೆತು ಅರ್ಧ ಕರಗಿ, ಮತ್ತೆ ಹೆಪ್ಪುಗಟ್ಟಿದ ಬೂದು ಬಣ್ಣದ ಹೆಂಟೆಗಳು. ಅದನ್ನು ತಿರುಗಿ ರಸ್ತೆಗೆ ಎಸೆಯುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಪಕ್ಕದವರ ಅಂಗಳಕ್ಕೆ ಎಸೆದರೆ ಕಾನೂನಿಗಿಂತ ಮೊದಲು ಪಕ್ಕದವರು ಒಪ್ಪುವುದಿಲ್ಲ. ಮಗುವನ್ನು ಮಂಗಳವಾರ ಡಾಕ್ಟರಲ್ಲಿಗೆ ಕರೆದೊಯ್ಯುವುದಿತ್ತು. ಒಡ್ಡನ್ನು ಮೆಲ್ಲಗೆ ಕೆರೆಯುತ್ತ ಹೋದೆ. ಟಣ್ ಎಂದು ಸದ್ದಾಯಿತು. ಎಂಜಿನ್ ಓಡುತ್ತಿದೆ, ಆಗರಿನ ಎಡ ಅರ್ಧ ಸುಮ್ಮನೆ ನಿಂತಿದೆ, ಬಲ ಅರ್ಧ ತಿರುಗುತ್ತಿದೆ.

ಎಂಜಿನ್ ಆರಿಸಿ, ಪ್ಲಗ್ ವೈರ್ ಕಿತ್ತು, ಬಗ್ಗಿ ನೋಡಿದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡ್ರೈವ್‌ವೇಗೆ ಎಸೆದುಹೋಗುವ ಪುಕ್ಕಟೆ ಜಾಹೀರಾತು ಪತ್ರಿಕೆ. ಯಾರೂ ಕೇಳದೆ ಬರುವ ಮಾಲು. ಹೆಪ್ಪುಗಟ್ಟಿ ಸೌದೆಕೊರಡು ಆಗಿತ್ತು, ಸುರುಳಿಗೂ ತಗಡಿಗೂ ನಡುವೆ ಬೆಣೆ ಬಡಿದಂತೆ ಕೂತಿತ್ತು. ಮುರಿದದ್ದು ಶಿಯರ್ ಪಿನ್ನು. ಆಗರನ್ನು ಒಳಗಿನ ದಂಡಕ್ಕೆ ಹಿಡಿದಿಡುವ, ಬೇಕೆಂದೇ ಮೆದುವಾಗಿ ಮಾಡಿದ ಪಿನ್ನು ಅದು. ಎಲ್ಲಿಯಾದರೂ ಸಿಕ್ಕಿಕೊಂಡರೆ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತದೆ. ‘ಸರ್, ಯಾಕೆ ಗಟ್ಟಿ ಬೋಲ್ಟೇ ಹಾಕಬಾರದು?’ ಎಂದು ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಕೇಳುತ್ತಿದ್ದ. ಗಟ್ಟಿ ಬೋಲ್ಟ್ ಹಾಕು, ಆಮೇಲೆ ಗೇರ್‌ಬಾಕ್ಸ್ ದುಡ್ಡು ನಿಮ್ಮಪ್ಪನ ಹತ್ತಿರ ತಾ ಎನ್ನುತ್ತಿದ್ದೆ.

ನಾನು ಮಂಡಿಯೂರಿದ್ದು ಕಂಡು ಎದುರು ಮನೆಯ ಯಜಮಾನರು ರಸ್ತೆ ದಾಟಿ ಬಂದರು. ಕೈಯಲ್ಲಿ ಒಂದು ಕಾಫಿ ಡಬ್ಬಿ, ಅದರೊಳಗೆ ಬಗೆಬಗೆಯ ಶಿಯರ್ ಪಿನ್ನುಗಳು. ಅವರೂ ಕಿತ್ತಳೆ ಯಂತ್ರದವರೇ. ಪತ್ರಿಕೆಯ ಕೊರಡನ್ನು ಎಳೆಯಲು ನಾನು ಗ್ಲೌಸ್ ಕೈ ಮುಂದೆ ಚಾಚಿದ್ದೇ ತಡ, ಅವರು ನನ್ನ ಮಣಿಕಟ್ಟು ಹಿಡಿದುಬಿಟ್ಟರು. ಚ್ಯೂಟಿನ ಪಕ್ಕದಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕೋಲನ್ನು ಕಿತ್ತು ಕೈಗೆ ಕೊಟ್ಟು, ಆಮೇಲೆ ತಮ್ಮ ಮೊಂಡು ಬೆರಳು ಎತ್ತಿ ತೋರಿಸಿದರು. ಅದು ಹೋದದ್ದು ಕಾರ್ಖಾನೆಯಲ್ಲಿ ಅಲ್ಲ. ತಮ್ಮದೇ ಡ್ರೈವ್‌ವೇಯಲ್ಲಿ, ಒದ್ದೆ ಹಿಮ ಚ್ಯೂಟಿಗೆ ಕಟ್ಟಿಕೊಂಡಾಗ. ಎಂಜಿನ್ ಆರಿಸಿಯೇ ಇದ್ದರಂತೆ. ಬೆಲ್ಟು ಬಿಗಿದು ನಿಂತಿರುತ್ತದೆ, ಇಂಪೆಲರ್ ತಿರುಗಲು ತವಕಿಸುತ್ತಿರುತ್ತದೆ. ಅಡ್ಡ ಇದ್ದ ಹಿಮ ಸಡಿಲವಾದ ಕ್ಷಣ ಅದು ಅರ್ಧ ಸುತ್ತು ತಿರುಗುತ್ತದೆ. ಅರ್ಧ ಸುತ್ತು ಸಾಕು. ಎಂಜಿನ್ ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದೂ ಹತ್ತು ಬೆರಳು ಉಳಿಸಿಕೊಂಡಿದ್ದ ಮನುಷ್ಯ!

ಕೊರಡು ಕೋಲಿಗೆ ಬಂತು. ಹೊಸ ಪಿನ್ನು ಹಾಕಿ, ಉಳಿದ ಒಡ್ಡು ತೆಗೆದು, ಹಾಗೇ ರಸ್ತೆ ದಾಟಿ ಅವರ ಮನೆ ಮುಂದಿನ ಒಡ್ಡನ್ನೂ ತೆಗೆದೆ. ಅವರು ಬೇಡ ಅನ್ನಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ. ತಮ್ಮ ಯಂತ್ರ ಹೊರಡಿಸಿ ಬೀದಿ ಕೊನೆಯಲ್ಲಿದ್ದ ಅಗ್ನಿಶಾಮಕದ ನಲ್ಲಿಯ ಸುತ್ತ ಹಿಮ ಬಿಡಿಸಲು ಹೋದರು. ಆ ಬೀದಿಯಲ್ಲಿ ಅದು ಅವರದೇ ಕೆಲಸವಂತೆ, ಯಾರೂ ವಹಿಸಿದ್ದಲ್ಲ. ಅದೇ ಹೊತ್ತಿಗೆ ಸ್ಟೇಡಿಯಂನಲ್ಲಿ ಆಸನಗಳ ಮೇಲಿನ ಹಿಮ ಎತ್ತಲು ಊರವರನ್ನೇ ಕರೆದಿದ್ದರು, ತಾಸಿಗೆ 20 ಡಾಲರ್. ‘ಹೋಗ್ರಿ, ಟಿಕೆಟ್ ದುಡ್ಡಾದರೂ ಹುಟ್ಟುತ್ತೆ,’ ಎಂದಳು ನಮ್ಮವಳು. ವೀಸಾ ನೆನಪಿಸಿ ಬಾಯಿ ಮುಚ್ಚಿಸಿದೆ. ಸಂಜೆ ಪಂದ್ಯ ನಡೆಯಿತು, ಬಿಲ್ಸ್ ಗೆದ್ದರು. ಕೂರಲು ಜಾಗ ಕೆರೆದುಕೊಂಡು ಜನ ಕೂತಿದ್ದನ್ನು ಟಿವಿಯಲ್ಲಿ ನೋಡಿದೆವು.

ಆ ಸೋಮವಾರ ಜನವರಿ 15, ಸಂಕ್ರಾಂತಿ. ದಾವಣಗೆರೆಯಿಂದ ತಂದ ಎಳ್ಳು-ಬೆಲ್ಲವನ್ನು ಇವಳು ಒಂದು ಡಬ್ಬಿಗೆ ಹಾಕಿ, ‘ಆ ಯಜಮಾನರಿಗೆ ಕೊಟ್ಟು ಬರ್ರಿ’ ಎಂದಳು. ಹಿಂದಿನ ದಿನ ನನ್ನನ್ನು ಹೊರಗೆ ಬಿಡಲು ಹೆದರಿದವಳು ಈಗ ಹೊರಗಿನ ಕೆಲಸಗಳ ಪಟ್ಟಿ ಕೊಡತೊಡಗಿದಳು. ಮಗಳು ಫೋನಿನಲ್ಲಿ ಗೆಳತಿಗೆ ‘ಡ್ರೈವ್‌ವೇ ಎಲ್ಲಾ ನಮ್ಮ ಅಪ್ಪಾಜಿ ಡಿಪಾರ್ಟ್‌ಮೆಂಟ್’ ಎಂದದ್ದು ನನ್ನ ಕಿವಿಗೆ ಬಿತ್ತು. ವಾರದೊಳಗೆ ಇನ್ನೊಂದು ಹಿಮದ ಪಟ್ಟಿ ಬಂದು ಮತ್ತೆ ಸುರಿಯಿತು, ಆಗ ಯಾರೂ ನನ್ನ ಬಿಪಿ ಮಾತೆತ್ತಲಿಲ್ಲ. ಮಾರ್ಚಿನಲ್ಲಿ ನಾವು ಹೊರಡುವ ಮುಂಚೆ ಅಳಿಯಂದಿರೂ ನಾನೂ ಗ್ಯಾರೇಜಿನಲ್ಲಿ ಒಂದು ಮಧ್ಯಾಹ್ನ ಕೂತು ಟ್ಯಾಂಕ್ ಖಾಲಿ ಮಾಡಿದೆವು, ಆಯಿಲ್ ಬದಲಿಸಿದೆವು, ನೆಲ ಕೆರೆಯುವ ಪಟ್ಟಿ ಸವೆದದ್ದನ್ನು ತಿರುವಿ ಹಾಕಿದೆವು. ಶಿಯರ್ ಪಿನ್ನುಗಳ ಒಂದು ಹೊಸ ಪೊಟ್ಟಣ ಹಿಡಿಕೆಗೆ ಕಟ್ಟಿಟ್ಟೆ. ಅರ್ಧ ಪಿನ್ನುಗಳನ್ನು ಎದುರು ಮನೆಯ ಕಾಫಿ ಡಬ್ಬಿಗೆ ಹಾಕಿ ಬಂದೆ.

ಚಳಿಗಾಲದಲ್ಲಿ ಮಗಳ ಮನೆಗೋ ಮಗನ ಮನೆಗೋ ಹೊರಟಿರುವ ನನ್ನ ವಯಸ್ಸಿನ ಗಂಡಸರಿಗೆ ಒಂದು ಮಾತು. ಕಿಟಕಿ ಪಕ್ಕದ ಕುರ್ಚಿ ಒಪ್ಪಿಕೊಳ್ಳಬೇಡಿ. ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಆಮೇಲೆ ಗ್ಯಾರೇಜಿನಲ್ಲಿ ಏನಿದೆ ಎಂದು ಅಳಿಯನನ್ನೋ ಮಗನನ್ನೋ ಕೇಳಿ. ಸಲಿಕೆ ಹಿಡಿಯಬೇಡಿ. ಫರ್ನೇಸ್ ಪೈಪು ಎಲ್ಲಿದೆ ಎಂದು ಹಿಮ ಬೀಳುವ ಮುಂಚೆಯೇ ನೋಡಿಟ್ಟುಕೊಳ್ಳಿ. ಚ್ಯೂಟು ಕಟ್ಟಿಕೊಂಡರೆ ಎಂಜಿನ್ ಆರಿಸಿ, ಪ್ಲಗ್ ವೈರ್ ಕೀಳಿ, ಕೋಲು ತೆಗೆದುಕೊಳ್ಳಿ. ಯಂತ್ರ ನಿಂತಿದ್ದರೂ ಸರಿ, ಕೈ ಮಾತ್ರ ಹಾಕಬೇಡಿ.